ಖಲ್ಲಿವಲ್ಲಿ

ಹೊರಗೆ ನಲವತ್ತೇಳು ಡಿಗ್ರಿ. ಶಾರ್ಜಾದ ರೋಲಾದಲ್ಲಿ
ಪಾರಿವಾಳವೂ ಬಸ್‌ಸ್ಟಾಪಿನ ನೆರಳು ಬಿಟ್ಟು ಕದಲುವುದಿಲ್ಲ.
ಒಳಗೆ, ಮೈನಸ್ ಎಂಬತ್ತರ ಪೆಟ್ಟಿಗೆಯ ಬಾಗಿಲು ತೆಗೆದರೆ
ಮಂಜು ಮೊಣಕೈ ತನಕ ಬಂದು ಮುಟ್ಟಿ ಹೋಗುತ್ತದೆ.
ನನ್ನ ನೌಕರಿ ಇಷ್ಟೇ:
ನಿದ್ದೆಹೋದ ಎಚ್‌ಐವಿಯನ್ನು ಎಣಿಸುವುದು.

ಹತ್ತು ಲಕ್ಷ ಕೋಶ ಸೋಸಿದರೆ
ಒಂದೋ, ನಾಲ್ಕೋ. ಕೆಲವು ದಿನ ಅದೂ ಇಲ್ಲ.
ಮಾತ್ರೆ ನುಂಗುವವನ ನೆತ್ತರಲ್ಲಿ ತೇಲುವುದೆಲ್ಲ ತೊಳೆದುಹೋಗಿ
ಯಂತ್ರ ‘ಕಾಣಲಿಲ್ಲ’ ಎಂದು ಬರೆದ ಮೇಲೂ
ಯಾವುದೋ ನೆನಪಿನ ಕೋಶದಲ್ಲಿ
(ಹಳೆಯ ಜ್ವರವೊಂದನ್ನು ಮರೆಯದಿರಲೆಂದೇ ಬದುಕಿರುವ ಕೋಶ)
ವಂಶವಾಹಿಯ ಪುಟದ ನಡುವೆ ತನ್ನ ಸಾಲು ಸೇರಿಸಿಕೊಂಡು
ಉಸಿರೆತ್ತದೆ ಕೂತಿರುತ್ತದೆ.
ಕೋಶ ಎರಡಾದರೆ ಅದೂ ಎರಡು. ಖರ್ಚಿಲ್ಲದೆ.

ಖಲ್ಲಿವಲ್ಲಿ. ಹೋಗಲಿ ಬಿಡು ಎಂಬ ಅರಬಿ ಮಾತು.
ಇಲ್ಲಿ ನಾವೆಲ್ಲ ಅದನ್ನು ಕಾಗದವಿಲ್ಲದವನಿಗೆ ಹೆಸರಾಗಿ ಇಟ್ಟಿದ್ದೇವೆ:
ಬತಾಕ ಮುಗಿದವನು, ಅರಬಾಬನಿಂದ ಓಡಿದವನು,
ಆರು ಮಂದಿಯ ಕೋಣೆಯಲ್ಲಿ ಏಳನೆಯವನು,
ಬಾಗಿಲು ಬಡಿದರೆ ಕೆಮ್ಮು ನುಂಗುವವನು.
ಡಾಕ್ಟರ್ ಲುಬ್ನಾ ಬೋರ್ಡಿನ ಮೇಲೆ ಆ ಕೋಶ ಬರೆದ ದಿನ
ನನಗೆ ತಟ್ಟನೆ ಬಂದದ್ದು ಅದೇ ಹೆಸರು.
ತಪ್ಪು.
ಮೂವತ್ತು ವರ್ಷ ದುಡಿದರೂ ನಮಗ್ಯಾರಿಗೂ ಸಿಗದ್ದು
ಅದಕ್ಕೆ ಎರಡು ಮೂರು ದಿನದಲ್ಲಿ ಸಿಕ್ಕಿಬಿಟ್ಟಿರುತ್ತದೆ: ಪೌರತ್ವ.

ಮೊದಲು ನಾನಿದ್ದದ್ದು ವೀಸಾ ಮೆಡಿಕಲ್ಲಿನಲ್ಲಿ.
ದಿನಕ್ಕೆ ಮುನ್ನೂರು ತೋಳು. ಮುಖ ನೋಡುತ್ತಿರಲಿಲ್ಲ.
“ಅಕ್ಕಾರ, ಇಷ್ಟ್ ರಗತ ಯಾಕ್ರೀ?”
ಕನ್ನಡ ಕೇಳಿ ಕತ್ತೆತ್ತಿದೆ. ಮುದಗಲ್ಲಿನ ಹುಸೇನಪ್ಪ.
ಕಬ್ಬಿಣ ಕಟ್ಟುವ ಕೆಲಸ, ತಂತಿ ಸುತ್ತಿ ಸುತ್ತಿ
ಬೆರಳು ಇಕ್ಕಳದ ಹಾಗೆ ಬಾಗಿತ್ತು.
ನಾನು ಬಿಜೈ ಚರ್ಚಿನ ಬಳಿಯವಳು, ಆ ‘ರಗತ’ಕ್ಕೆ ನಕ್ಕೆ.
ನಾಲ್ಕನೆಯ ದಿನ ಅವನ ಹೆಸರಿನ ಮುಂದೆ ಒಂದು ಪದ.
ಅದನ್ನು ಯಾರೂ ಅವನ ಭಾಷೆಯಲ್ಲಿ ಅವನಿಗೆ ಹೇಳಲಿಲ್ಲ.
ನಾನೂ.
ಒಂದು ಕೋಣೆ, ಬೀಗ, ಕಂಪನಿಯ ಪಿಆರ್‌ಓ, ಟಿಕೆಟ್ಟು.
ಕ್ಯಾಂಪಿನಲ್ಲಿ ಅವನ ಮಂಚ ಮರುದಿನವೇ ಇನ್ನೊಬ್ಬನಿಗಾಯಿತಂತೆ,
ರೈಸ್ ಕುಕ್ಕರನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಒಂಬತ್ತು ವರ್ಷ. ನಂಬರು ಎಲ್ಲಿಂದ ಸಿಕ್ಕಿತೋ,
ಈಗ ವಾಯ್ಸ್ ಮೆಸೇಜು ಕಳಿಸುತ್ತಾನೆ, ಹಿಂದೆ ಮೇಕೆಗಳ ಗಲಾಟೆ.
ರಾಯಚೂರಿನ ಸರಕಾರಿ ಆಸ್ಪತ್ರೆ, ತಿಂಗಳಿಗೊಂದು ಡಬ್ಬಿ ಮಾತ್ರೆ.
ಹೆಂಡತಿಗೆ ಮದುವೆಗೆ ಮೊದಲೇ ಗೊತ್ತು. ಎರಡು ವರ್ಷದ ಮಗಳು.
“ಇಬ್ಬರ ರಗತಾನೂ ಚೊಕ್ಕ ಐತ್ರಿ.” ಈ ಸಲ ನಗಲಿಲ್ಲ.

ನಮ್ಮ ಕೆಲಸ ಏನೆಂದು ಕೇಳಿದ. ಹೇಳಿದೆ:
ಮಲಗಿದ್ದನ್ನು ಔಷಧ ಕೊಟ್ಟು ಎಬ್ಬಿಸಿ, ಮುಖ ತೋರಿದಾಗ ಹಿಡಿಯುವುದು,
ಕ್ಷಮಾದಾನ ಸಾರಿದಾಗ ಖಲ್ಲಿವಲ್ಲಿಗಳು
ಚೀಲ ಹೊತ್ತು ಹೊರಬಂದು ಸಾಲು ನಿಲ್ಲುತ್ತಾರಲ್ಲ, ಹಾಗೆ.
ಏಳುತ್ತವೆ ಕೆಲವು. ಸಾಯುವುದಿಲ್ಲ. ಮಗ್ಗುಲು ಬದಲಿಸಿ ಮತ್ತೆ ನಿದ್ದೆ.
“ಮಲಗಿದ್ದನ್ನ ಯಾಕ ಎಬ್ಬಸ್ತೀರಿ?
ಏಳಲಾರದಂಗ ಇನ್ನಷ್ಟ ಜೋಗುಳ ಹಾಡ್ರಲ್ಲ.”
ಲುಬ್ನಾ ಅವರಿಗೆ ಅದನ್ನು ಬಿಡಿಸಿ ಹೇಳಿದೆ. ಅವರು ನಗದೆ
ಪಕ್ಕದ ಬೆಂಚಿನತ್ತ ಗಲ್ಲ ಎತ್ತಿ ತೋರಿಸಿದರು.
ಅಲ್ಲಿ ಅದೇ ನಡೆದಿದೆ, ಬೀಗ ಜಡಿದು ಕೀಲಿಯನ್ನು ಕಳೆಯುವ ಯತ್ನ.

ನಿನ್ನೆಯ ಮೆಸೇಜಿನಲ್ಲಿ ಮೇಕೆಗಳಿರಲಿಲ್ಲ.
“ಅಕ್ಕಾರ, ಐದನೇ ವರ್ಷಾನೂ ಕಾಣವಲ್ದು ಅಂತ ರಿಪೋರ್ಟು.
ಕಾಣದಿದ್ರ ಮತ್ತ ವೀಸಾ ಕೊಡ್ತಾರೇನ್ರೀ?”

ಆ ಕಿಟಕಿಯಲ್ಲಿ ವೈರಸ್ಸು ಇದೆಯೇ ಎಂದಷ್ಟೇ ಕೇಳುವುದಿಲ್ಲ, ಹುಸೇನಪ್ಪ,
ನಿನ್ನ ಮೈ ಎಂದಾದರೂ ಅದರ ಜೊತೆ ಹೊಡೆದಾಡಿತ್ತೇ ಎಂದೂ ಕೇಳುತ್ತಾರೆ.
ಗೆದ್ದವನ ಮೈಗೂ ಅದು ಮರೆಯುವುದಿಲ್ಲ
ಎಂದು ಅರ್ಧ ರೆಕಾರ್ಡು ಮಾಡಿ
ಬೆರಳು ಸರಿಸಿ ಅಳಿಸಿದೆ.
ಫ್ರೀಜರಿನ ಅಲಾರಂ ಕೂಗುತ್ತಿತ್ತು.
ಬಾಗಿಲು ತೆರೆದೇ ಬಿಟ್ಟಿದ್ದೆ.